ಬೆರಳಿಡದ ತಂತಿ

ದಕ್ಷಿಣ ಸ್ಪೇನಿನ ಆಂದಲೂಸಿಯಾ ಸೀಮೆಯ ಗ್ರಾನಡಾ ಊರಿನ ಪ್ಲಾಸಾ ನುಯೆವಾ ಚೌಕದಿಂದ ಅಲಾಂಬ್ರಾ ಅರಮನೆಯ ಕಡೆಗೆ ಕಡಿದಾದ ಒಂದು ಓಣಿ ಹತ್ತುತ್ತದೆ. ಕ್ವೆಸ್ತಾ ದೆ ಗೊಮೇರೆಸ್ ಅಂತ ಅದರ ಹೆಸರು. ಬೆಳಗಿನ ಹೊತ್ತು ಪ್ರವಾಸಿಗರು ನೀರಿನ ಬಾಟಲಿ ಹಿಡಿದು, ಏದುಸಿರು ಬಿಡುತ್ತ, ಮೇಲಿನ ಕಲ್ಲುಕಮಾನಿನ ಮೇಲೇ ಕಣ್ಣಿಟ್ಟು ನಡೆಯುತ್ತಿರುತ್ತಾರೆ. ಎಡಬಲದ ಅಂಗಡಿಗಳೊಳಗೆ ಏನು ನಡೆದಿದೆ ಎಂದು ಇಣುಕುವವರು ಕಡಿಮೆ. ನಾವು ಇಣುಕೋಣ. ಅರ್ಧ ತೆರೆದ ಬಾಗಿಲಿನಿಂದ ಸೀಡರ್ ಮರದ ಹೊಟ್ಟಿನ ಘಮ ಬರುತ್ತದೆ, ಅದರ ಬೆನ್ನಿಗೇ ಮೂಗು ಸುಡುವ ಸ್ಪಿರಿಟ್ಟಿನ ವಾಸನೆ. ಬಟ್ಟೆಯ ಉಂಡೆಯನ್ನು ಅರಗು ಕರಗಿಸಿದ ಸ್ಪಿರಿಟ್ಟಿನಲ್ಲಿ ಅದ್ದಿ, ಇನ್ನೂ ತಂತಿ ಕಾಣದ ಗಿಟಾರಿನ ಬೆನ್ನ ಮೇಲೆ ಒಬ್ಬ ಕಸುಬುದಾರ ಸುತ್ತುಸುತ್ತಾಗಿ ತಿಕ್ಕುತ್ತಿದ್ದಾನೆ. ನಮ್ಮ ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಒಂದು ಪದರ ಒಣಗಬೇಕು, ಇನ್ನೊಂದು ಏರಬೇಕು. ಅವಸರವಿಲ್ಲ. ಈ ಓಣಿಯಲ್ಲಿ ಗಿಟಾರ್ ಮಾಡುವವರ ಅಂಗಡಿಗಳು ಹತ್ತಿರ ಹತ್ತಿರದಲ್ಲೇ ಇವೆ. ಒಂದರಲ್ಲಿ ಗರಗಸ ನಿಂತರೆ ಮತ್ತೊಂದರಲ್ಲಿ ಯಾರೋ ತಂತಿ ಮೀಟಿ ನೋಡುತ್ತಿರುತ್ತಾರೆ.

ಅಂಥ ಒಂದು ಅಂಗಡಿಯ ಮೇಲಿನ ಕೋಣೆಗೆ ಹೋಗೋಣ. ಕಿಟಕಿಯ ಪಕ್ಕ ಗಿಟಾರ್ ಕಲಿಸುವ ಹೆಂಗಸೊಬ್ಬಳು ಕೂತಿದ್ದಾಳೆ. ಎಡಗಾಲ ಕೆಳಗೆ ಗೇಣೆತ್ತರದ ಕಾಲುಮಣೆ, ಎದುರಿಗೆ ಅಂಚು ಸವೆದ ಸ್ವರಲಿಪಿಯ ಹಾಳೆ, ಹಾಳೆಯ ತುಂಬ ಪೆನ್ಸಿಲ್ ಗೀರು. ನಮ್ಮನ್ನು ನೋಡಿ ತಲೆಯಾಡಿಸಿ ಮತ್ತೆ ತನ್ನ ಕೆಲಸಕ್ಕೆ ಮರಳುತ್ತಾಳೆ. ಕೆಲಸವೆಂದರೆ ಸದ್ಯಕ್ಕೆ ಉಗುರು ಉಜ್ಜುವುದು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಈ ನಾಲ್ಕರ ಉಗುರು ಮಾತ್ರ ಉದ್ದ. ಎಡಗೈಯದನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿಬಿಟ್ಟಿದ್ದಾಳೆ. ನುಣುಪಾದ ಉಪ್ಪುಕಾಗದದ ಚೂರನ್ನು ತಂತಿಯ ಮೇಲಿಟ್ಟು ಉಗುರನ್ನು ಅದಕ್ಕೆ ಸವರುತ್ತಾಳೆ, ಒಮ್ಮೆ ಮೀಟುತ್ತಾಳೆ, ಕಿವಿಗೊಡುತ್ತಾಳೆ, ಮತ್ತೆ ಸವರುತ್ತಾಳೆ. ತಂತಿಗೆ ಮೊದಲು ಚರ್ಮ ತಾಗಬೇಕು, ಬಿಡುವಾಗ ಉಗುರು ಜಾರಬೇಕು. ಚರ್ಮ ಹೆಚ್ಚಾದರೆ ನಾದ ಮಂಕು, ಉಗುರು ಹೆಚ್ಚಾದರೆ ಕರ್ಕಶ. ಒಂದು ಸಣ್ಣ ಸೀಳು ಬಿಟ್ಟರೆ ಅವತ್ತಿನ ನಾದ ಕೆಟ್ಟಿತು ಅಂತಲೇ ಲೆಕ್ಕ.

ಗಿಟಾರನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಮುಂಭಾಗದ ಹಲಗೆ ತಿಳಿ ಹಳದಿ, ಕೂದಲೆಳೆಯಂಥ ನೇರ ಗೆರೆಗಳು. ಅದರ ದಪ್ಪ ಎರಡೂವರೆ ಮಿಲಿಮೀಟರಿನ ಆಸುಪಾಸು. ಹಿಂಬದಿ ಮತ್ತು ಪಕ್ಕದ ಹಲಗೆಗಳು ಮಾತ್ರ ಗಾಢ ಕಂದು, ನಡುವೆ ನೇರಳೆ ಛಾಯೆಯ ಪಟ್ಟೆ. ಅದು ಬೀಟೆ. ಕೊಡಗಿನ ಹಳೇ ಮನೆಗಳ ಮಂಚ, ಬಾಗಿಲು, ಪೆಟ್ಟಿಗೆಗಳಲ್ಲಿ ನಾವು ಕಂಡು ಬೆಳೆದ ಪಶ್ಚಿಮಘಟ್ಟದ ಬೀಟೆ. ಹಿಂದೆ ಬ್ರೆಜಿಲ್ ದೇಶದ ರೋಸ್‌ವುಡ್ಡಿಗೇ ಗಿಟಾರ್ ಲೋಕದಲ್ಲಿ ಮೊದಲ ಮಣೆ. ಆ ಮರ ಅಳಿವಿನ ಅಂಚಿಗೆ ಬಂದು 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ತಡೆ ಬಿದ್ದಿತು. ಅಷ್ಟರೊಳಗೆ ಸ್ಪೇನಿನ ಕಸುಬುದಾರರ ಬೆಂಚುಗಳಲ್ಲಿ ನಮ್ಮ ಬೀಟೆ ಬಂದು ಕೂತಾಗಿತ್ತು. ಹೀಗಾಗಿ ಆಂದಲೂಸಿಯಾದ ಅಚ್ಚ ನಾದ ಎಂದು ಜಗತ್ತು ಕಿವಿಯರಳಿಸಿ ಕೇಳುವ ಧ್ವನಿಯಲ್ಲಿ ಬಾಬಾಬುಡನ್, ಬ್ರಹ್ಮಗಿರಿ ಸೀಮೆಯ ಮರದ ಜಾತಿಗೂ ಒಂದು ಪಾಲಿದೆ. ಇದನ್ನು ಹೇಳುವಾಗ ಕನ್ನಡಿಗನಿಗೆ ಸ್ವಲ್ಪ ಜಂಬ ಬಂದರೆ ತಪ್ಪೇನಿಲ್ಲ.

ಆಕೆ ಶ್ರುತಿ ಮಾಡತೊಡಗುತ್ತಾಳೆ. ಕೆಳಗಿನಿಂದ ಮೇಲಕ್ಕೆ ಇ, ಎ, ಡಿ, ಜಿ, ಬಿ, ಮತ್ತೆ ಇ. ಮಂದ್ರದ ಮೂರು ತಂತಿಗಳ ಒಳಗೆ ನೈಲಾನ್ ಎಳೆಗಳ ಕಟ್ಟು, ಮೇಲೆ ಬೆಳ್ಳಿ ಲೇಪದ ತಾಮ್ರದ ಸುತ್ತು. ಮೇಲಿನ ಮೂರು ಬರೀ ನೈಲಾನ್. ಎರಡನೆಯ ಮಹಾಯುದ್ಧದ ಕಾಲದವರೆಗೂ ಇಲ್ಲಿ ಕುರಿಯ ಕರುಳಿನ ತಂತಿಯೇ ಇತ್ತು. ಯುದ್ಧದಲ್ಲಿ ಕರುಳು ಸಿಗದಾದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ಎಂಬಾತ ನೈಲಾನನ್ನು ಗಿಟಾರಿಗೆ ಒಗ್ಗಿಸಿದ, ಗಿಟಾರ್ ವಾದಕ ಆಂದ್ರೇಸ್ ಸೆಗೋವಿಯಾ ಅದನ್ನು ವೇದಿಕೆಗೇರಿಸಿದರು. ಆರು ತಂತಿಗಳಲ್ಲಿ ಐದನ್ನು ಈಕೆ ಬೇಗ ಬೇಗ ಮುಗಿಸುತ್ತಾಳೆ. ಮೇಲಿನಿಂದ ಎಣಿಸಿ ಎರಡನೆಯದರ ಹತ್ತಿರ, ಅಂದರೆ ಬಿ ತಂತಿಯ ಹತ್ತಿರ, ಬಂದಾಗ ನಿಧಾನ. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ ಮೀಟುತ್ತಾಳೆ, ಕಿಟಕಿ ಮುಚ್ಚಿ ಬಂದು ಮತ್ತೆ ಮೀಟುತ್ತಾಳೆ. ಇವತ್ತು ನುಡಿಸಲಿರುವ ರಚನೆಯಲ್ಲಿ ಈ ತಂತಿಗೆ ಬಿಡುವೇ ಇಲ್ಲ. ಇದು ಒಂದು ಎಳೆ ತಪ್ಪಿದರೂ ಉಳಿದ ಐದು ಸರಿಯಾಗಿದ್ದು ಪ್ರಯೋಜನವಿಲ್ಲ.

ನುಡಿಸಲಿರುವುದು ‘ಅಸ್ತೂರಿಯಾಸ್’. ಗಿಟಾರ್ ಕಚೇರಿಗೆ ಹೋದವರ ಕಿವಿಗೆ ಎಂದಾದರೂ ಬಿದ್ದಿರಲೇಬೇಕಾದದ್ದು.

ಶುರುವಾಯಿತು. ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಒಂದೊಂದೇ ಸ್ವರ ಇಟ್ಟು ನಡೆಯುತ್ತಿದೆ. ಪ್ರತಿ ಹೆಜ್ಜೆಯ ನಡುವೆ ಮತ್ತೊಂದು ಬೆರಳು ಆ ಬಿ ತಂತಿಯನ್ನು ಮುಟ್ಟಿ ಬಿಡುತ್ತದೆ. ರಾಗ, ಬಿ, ರಾಗ, ಬಿ. ಹಂಚಿನ ಸೂರಿನ ಒಂದೇ ಮೂಲೆಯಿಂದ ಬೀಳುವ ಹನಿಯ ಹಾಗೆ ಅದು ತೊಟ್ಟಿಕ್ಕುತ್ತಲೇ ಇರುತ್ತದೆ, ರಾಗ ಅದರ ಕೆಳಗೆ ಮೆಲ್ಲಗೆ ಸುಳಿದಾಡುತ್ತದೆ. ಧ್ವನಿ ಸಣ್ಣದು. ಒಂದು ಅಳತೆಗೆ ಮೂರು ಎಣಿಕೆ. ಮೊದಲ ನಿಮಿಷ ಕೇಳಿದವರಿಗೆ ಇದು ಗಿಟಾರಿಗಾಗಿಯೇ, ಗಿಟಾರ್ ಮಡಿಲಲ್ಲಿಟ್ಟುಕೊಂಡೇ ಯಾರೋ ಕಟ್ಟಿದ್ದು ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ಆದರೆ ಕಟ್ಟಿದವರು ಪಿಯಾನೋ ವಾದಕರು. ಇಸಾಕ್ ಅಲ್ಬೆನಿಸ್, 1860ರಲ್ಲಿ ಕ್ಯಾಟಲೋನಿಯಾದ ಕಾಂಪ್ರೊದೋನ್ ಎಂಬ ಊರಿನಲ್ಲಿ ಹುಟ್ಟಿದವರು, ಬಾಲ್ಯದಿಂದಲೇ ಪಿಯಾನೋ ವೇದಿಕೆ ಏರಿದವರು. ಗಿಟಾರಿಗೆಂದು ಅವರು ಬರೆಯಲಿಲ್ಲ. ಗಿಟಾರನ್ನು ಕಿವಿಯಲ್ಲಿಟ್ಟುಕೊಂಡು ಪಿಯಾನೋಗೆ ಬರೆದರು. ಮೂಲದಲ್ಲಿ ಈ ಹೆಬ್ಬೆರಳಿನ ನಡಿಗೆ ಎಡಗೈಯದು, ತೊಟ್ಟಿಕ್ಕುವ ಸ್ವರ ಬಲಗೈಯದು. ಎರಡೂ ಕೈ ಒಂದರ ಬೆನ್ನಿಗೆ ಇನ್ನೊಂದು ಬಿದ್ದು ಗಿಟಾರಿನ ಬೆರಳಾಟದ ಅಣಕ ಮಾಡುತ್ತವೆ. ಪ್ರಕಟವಾದದ್ದು 1892ರಲ್ಲಿ, ಬಾರ್ಸಿಲೋನಾದಲ್ಲಿ, ‘ಸ್ಪೇನಿನ ಹಾಡುಗಳು’ ಎಂಬರ್ಥದ ಫ್ರೆಂಚ್ ಹೆಸರಿನ ಗುಚ್ಛದ ಮೊದಲ ರಚನೆಯಾಗಿ. ಆಗ ಅದರ ಹೆಸರು ಬರೀ ‘ಪ್ರೆಲ್ಯೂಡ್’. ಗಿಟಾರಿನಿಂದ ಎರವಲು ಪಡೆದದ್ದನ್ನು ಗಿಟಾರ್ ವಾದಕರು ಆಮೇಲೆ ಬಂದು ವಸೂಲು ಮಾಡಿಕೊಂಡರು ಅಷ್ಟೆ. ಸಿನಿಮಾ ಹಾಡಿನ ‘ಕವರ್’ ಎಂದರೆ ಇನ್ನೊಬ್ಬರ ಗಂಟಲಲ್ಲಿ ಅದೇ ಹಾಡು. ಶಾಸ್ತ್ರೀಯ ಗಿಟಾರಿನಲ್ಲಿ ಕೆಲಸ ಅಷ್ಟು ಸಲೀಸಲ್ಲ, ವಾದ್ಯ ಬದಲಾದಾಗ ಶ್ರುತಿಯೇ ಬದಲಾಗಬೇಕಾಗುತ್ತದೆ.

ಅಲ್ಬೆನಿಸ್ ಬರೆದದ್ದು ಜಿ ಮೈನರಿನಲ್ಲಿ. ಅಲ್ಲಿ ತೊಟ್ಟಿಕ್ಕುವ ಸ್ವರ ಡಿ. ಪಿಯಾನೋಗೆ ಎಲ್ಲ ಮನೆಯೂ ಒಂದೇ, ಬೇಕಾದ ಮನೆ ಒತ್ತಿದರಾಯಿತು. ಗಿಟಾರಿನಲ್ಲಿ ಡಿ ಎಂಬ ಖಾಲಿ ತಂತಿ ಇದೆ ನಿಜ, ಆದರೆ ಅದು ನಾಲ್ಕನೆಯದು, ಮಂದ್ರದ ಗುಂಪಿನಲ್ಲಿ ಕೂತಿದೆ. ರಾಗ ಓಡಾಡಬೇಕಾದ ಓಣಿಯಲ್ಲೇ ಅದು ಅಡ್ಡ. ಮೇಲಿನ ತಂತಿಗಳಲ್ಲಿ ಡಿ ಹಿಡಿಯೋಣವೆಂದರೆ ಎಡಗೈಯ ಒಂದು ಬೆರಳು ಅಲ್ಲೇ ಸೆರೆ. ಉಳಿದ ಬೆರಳುಗಳು ರಾಗವನ್ನು ಅಟ್ಟಿಸಿಕೊಂಡು ಹೋಗುವುದು ಹೇಗೆ? ಆದ್ದರಿಂದ ಇಡೀ ರಚನೆಯನ್ನೇ ಮೂರು ಅರ್ಧಸ್ವರ ಕೆಳಗಿಳಿಸಿ ಇ ಮೈನರಿಗೆ ತಂದರು. ಡಿ ಇದ್ದಲ್ಲಿ ಈಗ ಬಿ, ಅದು ಎರಡನೆಯ ತಂತಿ, ಬೆರಳಿಡದೆಯೇ ಮೊಳಗುವ ಖಾಲಿ ತಂತಿ. ಎಡಗೈ ಪೂರ್ತಿ ಬಿಡುಗಡೆಯಾಗಿ ಮಂದ್ರದಲ್ಲಿ ರಾಗ ಹುಡುಕಬಹುದು. ಆಧಾರಸ್ವರ ಇ ವಾದ್ಯದ ಅತ್ಯಂತ ಕೆಳಗಿನ ತಂತಿಯಾಗಿ, ಅದೂ ಖಾಲಿಯಾಗಿ, ಕಾದು ಕೂತಿದೆ. ಆಕೆಯ ಎಡಗೈಯನ್ನೇ ಗಮನಿಸಿ: ಬಿ ತಂತಿಯ ಹತ್ತಿರ ಅದು ಸುಳಿಯುವುದೇ ಇಲ್ಲ. ಖಾಲಿ ತಂತಿಯ ನಾದಕ್ಕೆ ಒಂದು ಬಿಚ್ಚುತನವಿದೆ. ಬೆರಳು ಒತ್ತಿದ ತಂತಿಯಲ್ಲಿ ಚರ್ಮ ಸ್ವಲ್ಪ ನಾದ ನುಂಗುತ್ತದೆ, ಖಾಲಿಯದು ಮೂಳೆಯ ಅಂಚಿನಿಂದ ಅಂಚಿಗೆ, 650 ಮಿಲಿಮೀಟರ್ ಉದ್ದಕ್ಕೂ ಅಡೆತಡೆಯಿಲ್ಲದೆ ಅದುರುತ್ತದೆ. ಈ ರಚನೆಯ ಭಾವದ ಅರ್ಧಪಾಲು ಆ ಬಿಚ್ಚುತನದ್ದೇ ಎಂಬುದು ನನ್ನ ಎಣಿಕೆ. ಪಿಯಾನೋ ಮೂಲವನ್ನು ಕೇಳಿದಾಗಲೆಲ್ಲ ಎಲ್ಲ ಸರಿಯಾಗಿದ್ದೂ ಏನೋ ಒಣಗಿದಂತೆ ಕೇಳಿಸುವುದು ನನಗೆ ಇದೇ ಕಾರಣಕ್ಕೆ. ಪಿಯಾನೋ ಪ್ರಿಯರು ಒಪ್ಪಲಿಕ್ಕಿಲ್ಲ.

ಉಳಿದ ಅರ್ಧಪಾಲು ಎಲ್ಲಿಂದ ಬಂತು? ಸಂಗೀತ ಕೇಳಿ ಅಭ್ಯಾಸವಿರುವ ನಮ್ಮವರು ಇಲ್ಲಿ ಸ್ವಲ್ಪ ಕಿವಿ ನಿಮಿರಿಸಬೇಕು. ಇ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ಈ ಮೈನರ್ ಸ್ವರಗಳನ್ನು ಹತ್ತಿದರೆ ಅದು ನಮ್ಮ ನಠಭೈರವಿಯ ಮೇಳ. ಅವೇ ಏಳು ಸ್ವರಗಳನ್ನು ಬಿಡದೆ ಮೊಳಗುತ್ತಿರುವ ಬಿ ಷಡ್ಜವೆಂದು ಭಾವಿಸಿ ಹತ್ತಿ ನೋಡಿ, ಹನುಮತೋಡಿ! ಪಂಚಮವನ್ನು ಷಡ್ಜ ಮಾಡಿಕೊಂಡ ಗ್ರಹಭೇದ. ತೋಡಿಯ ಗಮಕ ಇಲ್ಲಿಲ್ಲ, ಸ್ವರಗಳು ನೆಟ್ಟಗೆ ನಿಂತಿವೆ, ಆದರೂ ಷಡ್ಜದ ತಲೆಯ ಮೇಲೇ ಕೂತ ಆ ಶುದ್ಧ ರಿಷಭದ ಕಹಿ ನಮಗೆ ಹೊಸದಲ್ಲ. ಪಾಶ್ಚಾತ್ಯರು ಫ್ರಿಜಿಯನ್ ಎನ್ನುವ ಈ ಮಜಲು ಆಂದಲೂಸಿಯಾದ ಫ್ಲಮೆಂಕೊ ಹಾಡಿಕೆಯ ಬೆನ್ನೆಲುಬು. ಹಾಳೆಯ ಮೇಲೆ ಮನೆ ಇ. ಕಿವಿಗೆ ಮಾತ್ರ ಬಿ ತಂತಿಯೇ ಮನೆಯೇನೋ ಎಂಬ ಗುಮಾನಿ. ಯಾವುದು ಷಡ್ಜ ಎಂದು ಕಿವಿ ತೀರ್ಮಾನಿಸಲಾಗದೆ ತೂಗಾಡುತ್ತದೆ, ಆ ತೂಗಾಟವನ್ನೇ ಕೇಳುಗರು ನಿಗೂಢ, ವಿಷಾದ, ಕಾತರ ಎಂದು ಬೇರೆ ಬೇರೆ ಹೆಸರಿಟ್ಟು ಕರೆಯುತ್ತಾರೆ.

ಇಷ್ಟರಲ್ಲಿ ಆಕೆಯ ಕೈಯ ಚಲನೆ ಬದಲಾಗಿದೆ, ನೋಡಿ. ಹೆಬ್ಬೆರಳಿನ ಒಂದು ಸ್ವರಕ್ಕೆ ಒಂದು ಬಿ ಇದ್ದದ್ದು ಈಗ ಎರಡಾಗಿದೆ. ಹೆಬ್ಬೆರಳು, ತೋರು, ನಡು. ಹೆಬ್ಬೆರಳು, ತೋರು, ನಡು. ಈ ಜಾಗದಲ್ಲಿ ಅಲ್ಬೆನಿಸ್ ಪಿಯಾನೋದ ಬಲಗೈಗೆ ಮೇಲಿನ ಸ್ಥಾಯಿಯ ಸ್ವರವನ್ನೂ ಸೇರಿಸಿ ದಪ್ಪ ಮಾಡಿದ್ದರು. ಗಿಟಾರಿನಲ್ಲಿ ಆ ದಪ್ಪ ತರುವುದು ಕಷ್ಟ, ಹಾಗಾಗಿ ದಪ್ಪದ ಬದಲು ದಟ್ಟಣೆ: ಎರಡರ ಜಾಗದಲ್ಲಿ ಮೂರು. ಸೆಗೋವಿಯಾ ನುಡಿಸಿ ನುಡಿಸಿ ಜನರ ಕಿವಿಯಲ್ಲಿ ಊರಿಸಿದ್ದು ಇದೇ ಪಾಠವನ್ನು. ಈಚಿನ ಕೆಲವರು ಮೂಲಕ್ಕೆ ನಿಷ್ಠೆ ಎಂದು ತ್ರಿಶ್ರವನ್ನು ಬಿಟ್ಟು ಎರಡಕ್ಕೇ ಮರಳಿದ್ದಾರೆ. ಅವರ ವಾದ ಸರಿ, ಆದರೆ ನನ್ನ ಕಿವಿ ಹಳೆಯದಕ್ಕೇ ಹೋಗುತ್ತದೆ.

ಈಗ ಲಯದ ವಿಷಯ. ಹಾಳೆಯ ತಲೆಯ ಮೇಲೆ ಇಟಾಲಿಯನ್ನಿನಲ್ಲಿ ಬರೆದಿದೆ, ಚುರುಕಾಗಿ, ಆದರೆ ಅತಿಯಾಗಿ ಬೇಡ ಅಂತ. ಮೊದಲ ಮಾತನ್ನು ಎಲ್ಲರೂ ಓದುತ್ತಾರೆ. ಮೆಟ್ರೊನೋಮನ್ನು ನಿಮಿಷಕ್ಕೆ 120 ಬಡಿತಕ್ಕೆ ಇಟ್ಟರೆ ಮೊದಲ ಭಾಗದಲ್ಲಿ ಸೆಕೆಂಡಿಗೆ ಎಂಟು ಮೀಟು, ತ್ರಿಶ್ರ ಬಂದಲ್ಲಿ ಹನ್ನೆರಡು. 140ಕ್ಕೆ ಏರಿಸಿದರೆ ಹದಿನಾಲ್ಕು. ಎಳೆಯರ ಕೈಗೆ ಅದೂ ಸಾಧ್ಯ, ಕೇಳುವವರ ಬಾಯಿ ಬಿಡಿಸುವುದೂ ಸಾಧ್ಯ. ಆದರೆ ಆ ವೇಗದಲ್ಲಿ ಬಿ ತಂತಿಗೆ ಅದುರಿ ಮುಗಿಯಲು ಸಮಯವಿಲ್ಲ. ಒಂದು ಅದುರುವಾಗಲೇ ಮುಂದಿನ ಬೆರಳು ಬಂದು ಅದನ್ನು ಅಮುಕುತ್ತದೆ. ಖಾಲಿ ತಂತಿಯ ಬಿಚ್ಚುತನಕ್ಕೆಂದೇ ಶ್ರುತಿ ಬದಲಿಸಿ, ಆಮೇಲೆ ಆ ನಾದ ಬಿಚ್ಚಿಕೊಳ್ಳುವ ಮೊದಲೇ ಓಡಿಬಿಟ್ಟರೆ ಮಾಡಿದ್ದೆಲ್ಲ ಯಾತಕ್ಕೆ? ಈಕೆ 120ರ ಹತ್ತಿರವೇ ಇದ್ದಾಳೆ, ಕೆಲವು ಕಡೆ ಅದಕ್ಕೂ ಕೆಳಗೆ. ಹೆಬ್ಬೆರಳಿನ ಸ್ವರಕ್ಕೆ ತುಸು ಒತ್ತು, ಬಿ ಸ್ವರಗಳಿಗೆ ತೀರ ಹಗುರ. ಮೆಟ್ಟುಗಳ ಮೇಲೆ ಎಡಗೈ ಸರಿಯುವಾಗ ಸುತ್ತುತಂತಿಯ ಮೇಲೆ ಚರ್ಮ ಕಿರುಗುಟ್ಟುವ ಸದ್ದು ಕೂಡ ಇಲ್ಲಿಗೆ ಕೇಳುತ್ತದೆ. ಧ್ವನಿಮುದ್ರಣದಲ್ಲಿ ಅದನ್ನು ಒರೆಸಿ ಹಾಕುತ್ತಾರೆ. ಒರೆಸಬಾರದು.

ನಾದ ಏರುತ್ತ ಬಂದಿದೆ, ಸದ್ದಿಲ್ಲದೆ ಏರಿದ್ದರಿಂದ ನಮಗೆ ತಿಳಿದಿರಲಿಲ್ಲ. ಥಟ್ಟನೆ ಎಡಗೈ ಮೇಲಿನ ಮೆಟ್ಟುಗಳಿಗೆ ಜಿಗಿದು, ತೋರುಬೆರಳು ತಂತಿಗಳ ಮೇಲೆ ಅಡ್ಡಡ್ಡ ಮಲಗಿ, ಬಲಗೈ ಇಡೀ ಸ್ವರಗುಚ್ಛವನ್ನು ಒಂದೇ ಏಟಿಗೆ ಬಾರಿಸುತ್ತದೆ. ಮೇಜಿನ ಮೇಲಿನ ಕಾಫಿ ಲೋಟದೊಳಗಿನ ಚಮಚ ಟಿಣ್ ಎನ್ನುತ್ತದೆ. ಬಾರಿಸಿದ ಕೈ ಕ್ಷಣವೂ ನಿಲ್ಲದೆ ಮತ್ತೆ ಕೆಳಗಿನ ಹೆಣಿಗೆಗೆ ಮರಳಬೇಕು, ಮತ್ತೆ ಜಿಗಿಯಬೇಕು. ಪಿಯಾನೋದವರಿಗೂ ಇಲ್ಲಿ ನಿರಾಳವಿಲ್ಲ; ಕೀಲಿಮಣೆಯ ಎರಡು ತುದಿಗೆ ಕೈ ಎಸೆದು ಹಿಂದಕ್ಕೆ ಎಳೆದುಕೊಳ್ಳಬೇಕು, ತಪ್ಪು ಮನೆಗೆ ಬೀಳುವವರೇ ಹೆಚ್ಚು. ಗಿಟಾರಿನ ಕಷ್ಟ ಬೇರೆ. ಅದರ ಒಟ್ಟು ದನಿಯೇ ಸಣ್ಣದು, ಅಬ್ಬರಿಸುವ ಶಕ್ತಿ ಮೈಯಲ್ಲಿಲ್ಲ. ಆದ್ದರಿಂದ ಮೊದಲ ಪುಟವನ್ನು ಎಷ್ಟು ಮೆಲ್ಲಗೆ ನುಡಿಸಿದ್ದೀರಿ ಎಂಬುದರ ಮೇಲೆ ಈ ಏಟು ಎಷ್ಟು ಜೋರಾಗಿ ಕೇಳುತ್ತದೆ ಎಂಬುದು ನಿಂತಿದೆ.

ಆಮೇಲೆ ಎಲ್ಲವೂ ನಿಂತು, ಇನ್ನಷ್ಟು ನಿಧಾನ ಎಂಬ ಸೂಚನೆಯ ನಡುಭಾಗ. ಬಿ ತಂತಿಯ ತೊಟ್ಟು ನಿಲ್ಲುತ್ತದೆ. ಒಂದೇ ಒಂದು ಎಳೆಯ ರಾಗ, ಜೊತೆಯಿಲ್ಲದೆ, ತಾಳದ ಹಂಗಿಲ್ಲದೆ. ಪಿಯಾನೋದಲ್ಲಿ ಅದನ್ನು ಎರಡು ಕೈಗಳು ಎರಡು ಸ್ಥಾಯಿಯ ಅಂತರದಲ್ಲಿ ಒಟ್ಟಿಗೆ ಹಾಡುತ್ತವೆ; ಗಿಟಾರಿನಲ್ಲಿ ಒಂಟಿ ದನಿಯೇ ಹೆಚ್ಚು. ಫ್ಲಮೆಂಕೊ ಗಾಯಕ ಕುರ್ಚಿಯ ತುದಿಗೆ ಸರಿದು, ಕಣ್ಣು ಮುಚ್ಚಿ, ಒಂದು ಸಾಲನ್ನು ಎತ್ತಿ, ಅದನ್ನು ಅಲ್ಲಲ್ಲೇ ಮುರಿದು ಎಳೆಯುವ ರೀತಿ ಇದು. ಆಕೆ ಬಲಗೈಯನ್ನು ಸೇತುವೆಯ ಕಡೆಯಿಂದ ನಾದರಂಧ್ರದ ಕಡೆಗೆ ನಾಲ್ಕು ಬೆರಳಷ್ಟು ಸರಿಸಿಕೊಂಡಳು, ನಾದ ಒಮ್ಮೆಗೇ ದುಂಡಗಾಯಿತು. ಹಾಳೆಯಲ್ಲಿ ಇರುವ ಮೌನದ ಚಿಹ್ನೆಗಳಿಗಿಂತ ಆಕೆ ಬಿಡುವ ಮೌನ ಉದ್ದ. ಓಣಿಯಲ್ಲಿ ಯಾರದೋ ಸೂಟ್‌ಕೇಸಿನ ಚಕ್ರ ಕಲ್ಲುಹಾಸಿನ ಮೇಲೆ ಗಡಗಡ ಸದ್ದು ಮಾಡುತ್ತ ಹತ್ತಿ ಹೋಗುತ್ತದೆ. ಆಕೆ ಅದು ದಾಟುವವರೆಗೆ ಕಾದು ಮುಂದಿನ ಸಾಲು ಎತ್ತುತ್ತಾಳೆ.

ಇಷ್ಟು ದಕ್ಷಿಣದ ಸಂಗೀತಕ್ಕೆ ಹೆಸರು ಮಾತ್ರ ಉತ್ತರದ್ದು. ಅಸ್ತೂರಿಯಾಸ್ ಸ್ಪೇನಿನ ಉತ್ತರ ಕರಾವಳಿಯ ಮಳೆನಾಡು. ಹಸಿರು ಬೆಟ್ಟ, ಮಂಜು, ಸೇಬಿನ ಮದ್ಯ, ಚರ್ಮದ ಚೀಲದಿಂದ ಊದುವ ವಾದ್ಯ. ಫ್ಲಮೆಂಕೊ ಅಲ್ಲಿಯದಲ್ಲ. ಹೆಸರಿಟ್ಟವರು ಅಲ್ಬೆನಿಸ್ ಅಲ್ಲವೇ ಅಲ್ಲ. 1886ರ ಸುಮಾರಿಗೆ ಅವರು ‘ಸ್ಪೇನಿನ ಗುಚ್ಛ’ ಎಂದು ಎಂಟು ಸೀಮೆಗಳ ಹೆಸರು ಪಟ್ಟಿ ಮಾಡಿ, ನಾಲ್ಕನ್ನಷ್ಟೇ ಬರೆದು ಮುಗಿಸಿದ್ದರು. 1909ರಲ್ಲಿ ಅವರು ತೀರಿಕೊಂಡರು. ಎರಡು ವರ್ಷ ಕಳೆದು ಜರ್ಮನಿಯ ಹೋಫ್‌ಮೈಸ್ಟರ್ ಪ್ರಕಾಶನ ಖಾಲಿ ಉಳಿದಿದ್ದ ಹೆಸರುಗಳಿಗೆ ಅವರದೇ ಬೇರೆ ರಚನೆಗಳನ್ನು ತಂದು ತುಂಬಿಸಿತು. ‘ಪ್ರೆಲ್ಯೂಡ್’ ಹೋಗಿ ‘ಅಸ್ತೂರಿಯಾಸ್’ ಕೂತದ್ದು ಹಾಗೆ. ಜೊತೆಗೆ ‘ದಂತಕಥೆ’ ಎಂಬ ಅಡಿಹೆಸರು ಬೇರೆ. ವ್ಯಾಪಾರಿಯ ಚೀಟಿ, ಆದರೆ ಅಂಟು ಗಟ್ಟಿಯಿತ್ತು. ಪಿಯಾನೋದ ರಚನೆ ಗಿಟಾರಿನದಾಯಿತು, ಆಂದಲೂಸಿಯಾದ ಮನಸ್ಸು ಅಸ್ತೂರಿಯಾಸ್ ಆಯಿತು. 1968ರಲ್ಲಿ ಅಮೆರಿಕದ ‘ದ ಡೋರ್ಸ್’ ತಂಡ ಇದರ ಎಳೆಯನ್ನು ತನ್ನ ‘ಸ್ಪ್ಯಾನಿಷ್ ಕಾರವಾನ್’ ಹಾಡಿಗೆ ಎತ್ತಿಕೊಂಡಿತು. ಅಷ್ಟು ಕೈ ಬದಲಾದರೂ ಬಿ ತಂತಿಯ ಹನಿ ಮಾತ್ರ ನಿಲ್ಲಲಿಲ್ಲ.

ಕೋಣೆಯಲ್ಲಿ ಮೊದಲ ಭಾಗ ಮತ್ತೆ ಬಂದು ಹೋಗಿದೆ, ಕೊನೆಯ ಕೆಲವು ನಿಧಾನದ ಸ್ವರಗುಚ್ಛಗಳೂ ಮುಗಿದಿವೆ. ಒಟ್ಟು ಆರು ನಿಮಿಷ ಚಿಲ್ಲರೆ. ಆಕೆ ಕಾಲುಮಣೆಯನ್ನು ಪಕ್ಕಕ್ಕೆ ತಳ್ಳಿ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುವಷ್ಟರಲ್ಲಿ ಬೆನ್ನಿಗೆ ಗಿಟಾರಿನ ಪೆಟ್ಟಿಗೆ ಏರಿಸಿಕೊಂಡ ಹದಿನೈದರ ಹುಡುಗ ಒಳಗೆ ಬಂದ. ಕೂತವನೇ ಶುರು ಹಚ್ಚಿಕೊಂಡ, ಅದೇ ರಚನೆ, ಇನ್ನೊಂದು ವೇಗ. ಬೆರಳುಗಳು ಕಣ್ಣಿಗೆ ಕಾಣುವುದಿಲ್ಲ. ಹೊಡೆಯುವ ತಂತಿಯಲ್ಲಿ ಬರೀ ಟಕಟಕ ಉಳಿದಿದೆ. ಆಕೆ ಮೆಟ್ರೊನೋಮನ್ನು ಅವನ ಮುಂದಿಟ್ಟು 60ಕ್ಕೆ ಇಳಿಸಿದಳು. ಬಿ ತಂತಿ ಬೇಡ, ಹೆಬ್ಬೆರಳಿನ ರಾಗವೊಂದನ್ನೇ ನುಡಿಸು ಎಂದಳು. ಅವನು ನುಡಿಸಿದ. ಈಗ ಗಿಟಾರ್ ಕೆಳಗಿಟ್ಟು ಅದನ್ನೇ ಹಾಡು ಎಂದಳು. ಅವನು ಕಿವಿ ಕೆಂಪಗೆ ಮಾಡಿಕೊಂಡು ಬಾಗಿಲ ಕಡೆ ನೋಡಿದ. ಆಕೆ ತನ್ನ ಗಿಟಾರಿನ ಎರಡನೆಯ ತಂತಿಯನ್ನು ಮೀಟಿ ಶ್ರುತಿ ಕೊಟ್ಟಳು. ಒಡೆಯುತ್ತಿದ್ದ ದನಿಯಲ್ಲೇ ಹಾಡಲು ತೊಡಗಿದ, ಸ್ವರಗಳು ಹೆಚ್ಚು ಕಡಿಮೆ ಸರಿಯಾಗಿಯೇ ಬಿದ್ದವು; ಆದರೆ ನಾಲ್ಕನೆಯ ಅಳತೆಗೆ ಬರುವ ಹೊತ್ತಿಗೆ ಹಾಡುವುದರಲ್ಲೂ ಮೆಟ್ರೊನೋಮನ್ನು ಹಿಂದೆ ಹಾಕಿದ್ದ.